ಅಡಿಸ್ ಅಬಾಬಾದಿಂದ ಒಂದು ಫೋನು

"ಕಾಕಾರ, ನನ್ನ ಪಾಸ್‌ಪೋರ್ಟ್ ಕಳದೈತ್ರಿ!"

ಫೋನಿನಿಂದ ಬಂದ ಕೂಗಿಗೆ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಸೃಷ್ಟಿ ಬೆಚ್ಚಿದಳು. ದುರ್ಗದಬೈಲಿನ ಓಣಿಯೊಂದರಲ್ಲಿ ಬ್ಯಾಗು, ಸೂಟ್‌ಕೇಸು ರಿಪೇರಿ ಮಾಡುವ ಫಕ್ರುಸಾಬರು ಅವಳ ಟ್ರಾಲಿಯ ಚಕ್ರ ಬಿಚ್ಚುತ್ತಿದ್ದರು. ಬರುವ ವಾರ ನರ್ಸ್ ಕೆಲಸಕ್ಕೆಂದು ಅವಳು ಜರ್ಮನಿಗೆ ಹೊರಟಿದ್ದಳು. ಸಾಬರು ಸ್ಕ್ರೂಡ್ರೈವರ್ ಕೆಳಗಿಟ್ಟು ಫೋನನ್ನು ಸ್ಪೀಕರಿಗೆ ಹಾಕಿದರು.

"ಯಾರ್ರಿ, ಬೈರಿದೇವರಕೊಪ್ಪದ ಗೌರಕ್ಕಾರೇನು?"

"ಹೌದ್ರಿ. ಅಡಿಸ್ ಅಬಾಬಾದಾಗ ಅದೀನ್ರಿ. ಮುಂದಿನ ವಿಮಾನಕ್ಕ ಇನ್ನ ಒಂದೂವರಿ ತಾಸೈತಿ. ಚೀಲ ಐತಿ, ಟಿಕೀಟ್ ಐತಿ, ಪಾಸ್‌ಪೋರ್ಟ್ ಇಲ್ರಿ."

ಗೌರಕ್ಕನ ಗಂಡ ಗುರುಶಿದ್ದಪ್ಪ ಟಾಂಜಾನಿಯಾದಲ್ಲಿ ಬೋರ್‌ವೆಲ್ ಕೊರೆಯುವ ಲಾರಿಯ ಮೇಲೆ ಕೆಲಸಕ್ಕಿದ್ದ. ಹತ್ತು ದಿನದ ಹಿಂದೆ ಅದರ ಮೇಲಿಂದ ಬಿದ್ದವನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಮನೆಯವರ ದನಿ ಕಿವಿಗೆ ಬಿದ್ದರೆ ಕಣ್ಣು ತೆರೆದರೂ ತೆರೆಯಬಹುದು ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಅದೊಂದು ಮಾತಿಗೆ, ಮಿರಜದ ಆಚೆ ಹೋಗದ ಹೆಂಗಸು ಒಬ್ಬಳೇ ಹೊರಟುಬಿಟ್ಟಿದ್ದಳು. ಅವಳ ಚೀಲದ ಜಿಪ್ ಸರಿಮಾಡಿದ್ದ ಫಕ್ರುಸಾಬರು, ಎಲ್ಲ ಗಿರಾಕಿಗಳಿಗೆ ಮಾಡುವಂತೆ, ಒಳಗಿನ ಬಟ್ಟೆಯ ಮೇಲೆ ಬಾಲ್‌ಪೆನ್ನಿನಿಂದ ತಮ್ಮ ನಂಬರು ಬರೆದುಕೊಟ್ಟಿದ್ದರು.

"ಮೊದಲ ಕುಂದರ್ರಿ ಅಕ್ಕಾರ. ಒಂದ್ ಗುಟುಕು ನೀರ ಕುಡೀರಿ. ಹೊರಗ ಹೋಗೋ ಬಾಗಲಾ ಮಾತ್ರ ದಾಟಬ್ಯಾಡ್ರಿ. ವಿಮಾನ ಇಳದ ಮ್ಯಾಲ ಚೀಲ ತಪಾಸಣಿ ಆತಿಲ್ಲೋ?"

"ಆತ್ರಿ. ಬಳಿ, ಚಪ್ಪಲಿ ಎಲ್ಲಾ ತಗಸಿದ್ರು."

"ಪಾಸ್‌ಪೋರ್ಟ್?"

"ಕೈಯಾಗಿತ್ತು. ಅದನ್ನೂ ಟ್ರೇದಾಗ ಇಟ್ಟೆ ಕಾಣಸತೈತ್ರಿ."

"ಆಮ್ಯಾಲ ಮೊದಲ ಏನ ತಗೊಂಡ್ರಿ?"

"ಬಳಿ ರೀ. ಬಂಗಾರದೂ ನೋಡ್ರಿ."

"ಹಂಗಾರ ಅಲ್ಲೇ ಐತಿ. ಎಲ್ಲಾರ ಲಕ್ಷ್ಯ ಬಂಗಾರದ ಮ್ಯಾಲ. ಪಾಸ್‌ಪೋರ್ಟ್ ತೆಳ್ಳಗ, ಟ್ರೇದ ತಳಕ್ಕ ಕುಂತಬಿಡತೈತಿ. ಖಾಲಿ ಐತಿ ಅಂತ ಅವರು ಒಂದರ ಮ್ಯಾಲ ಒಂದ್ ಪೇರಸತಾರ. ಲಗೂ ಹೊಳ್ಳಿ ಹೋಗ್ರಿ."

"ದಾರಿ ತಿಳೀವಲ್ದ್ರಿ ಕಾಕಾರ. ಎಲ್ಲಾ ಕಡೆ ಗಾಜ. ಎಲ್ಲಾ ಒಂದ ನಮೂನಿ!"

ಫಕ್ರುಸಾಬರು ಕಣ್ಣು ಮುಚ್ಚಿಕೊಂಡರು. "ತಪಾಸಣಿ ಆಗಿ ಬರೂಮುಂದ ಏನರ ವಾಸನಿ ಬಂತೇನು?"

"ಬಂತ್ರಿ. ಕಾಫಿ ಬೀಜ ಹುರದದ್ದು. ಬಿಳಿ ಅರಿವಿ ಉಟ್ಟಾಕಿ ಒಬ್ಬಾಕಿ ಸಣ್ಣ ಸಣ್ಣ ಕಪ್ಪಿನ್ಯಾಗ ಕೊಡಾಕತ್ತಿದ್ಲು."

"ಹಾಂ, ಅಕೀನ ಹುಡುಕ್ರಿ. ಅಕಿ ಕಂಡಮ್ಯಾಲ ಕೆಳಗ ಇಳಿಯೋ ಮೆಟ್ಟಲಾ ಬರತಾವು, ಇಳೀಬ್ಯಾಡ್ರಿ. ಅದರ ಬಾಜೂಕ ಉದ್ದಕ್ಕ ಹೋಗ್ರಿ. ಜನ ಎದರಿಗೆ ಬರಾಕತ್ರ ಅದ ದಾರಿ."

ಸೃಷ್ಟಿ ಅವರ ಮುಖವನ್ನೇ ನೋಡುತ್ತಿದ್ದಳು. "ಕಾಕಾ, ನೀವು ಅಲ್ಲಿಗೆ ಹೋಗೀರೇನು?"

ಅವರು ಇಲ್ಲವೆಂದು ತಲೆಯಾಡಿಸಿದರು. ತಮ್ಮೂರಿನ ಗೋಕುಲ ರಸ್ತೆಯ ವಿಮಾನ ನಿಲ್ದಾಣದೊಳಗೂ ಕಾಲಿಟ್ಟವರಲ್ಲ ಅವರು. ಮೂವತ್ತು ವರ್ಷದಿಂದ, ಮುರಿದ ಚಕ್ರ ಹಿಡಿದು ಬಂದವರನ್ನೆಲ್ಲ ಎಲ್ಲಿ ಮುರಿಯಿತು, ಆಮೇಲೆ ಏನು ಮಾಡಿದಿರಿ, ಯಾರನ್ನು ಕೇಳಿದಿರಿ ಎಂದು ವಿಚಾರಿಸುತ್ತ ಬಂದಿದ್ದರು. ಒಂದನ್ನೂ ಬರೆದಿಟ್ಟಿರಲಿಲ್ಲ, ಎಲ್ಲ ನೆನಪಿನಲ್ಲೇ ಇತ್ತು. ಎರಡು ತಿಂಗಳು ಕೂತು ವಿಮಾನ ಪ್ರಯಾಣದ ವಿಡಿಯೋ ನೋಡಿ ಎಲ್ಲ ತಿಳಿದುಕೊಂಡೆ ಎಂದುಕೊಂಡಿದ್ದ ಸೃಷ್ಟಿಗೆ ತನ್ನ ಕಾಲ ಕೆಳಗಿನ ಓಣಿಯೇ ಆಳವಾದಂತೆ ಅನಿಸಿತು.

"ಕಾಕಾರ, ಪೊಲೀಸನಂಥಾಂವ ಒಳಗ ಬಿಡವಲ್ಲ!"

ಸಾಬರು ಫೋನನ್ನು ಸೃಷ್ಟಿಯ ಕೈಗೆ ಕೊಟ್ಟರು. "ನಿನಗ ಇಂಗ್ಲಿಷ್ ಬರತೈತಿ ತಂಗಿ. ಜಗಳಾಡಬ್ಯಾಡ, ಅಂಜಲೂ ಬ್ಯಾಡ. ಹತ್ತ್ ಮಿನಿಟಿನ ಹಿಂದಿನ ಟ್ರೇದಾಗ ಉಳದೈತಿ ಅನ್ನು. ಬೋರ್ಡಿಂಗ್ ಪಾಸ್ ಮ್ಯಾಲಿನ ಹೆಸರು ನೋಡಾಕ ಹೇಳು."

ಫೋನನ್ನು ಆ ಮನುಷ್ಯನಿಗೆ ಕೊಡಲು ಗೌರಕ್ಕನಿಗೆ ಹೇಳಿ, ಸೃಷ್ಟಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಆ ಕಡೆಯಿಂದ ಗಂಡು ದನಿಯೊಂದು ಕಾಯಿರಿ ಎಂದಿತು. ಆಮೇಲೆ ಪ್ಲಾಸ್ಟಿಕ್ಕಿನ ಟ್ರೇಗಳನ್ನು ಒಂದೊಂದಾಗಿ ಎತ್ತಿಡುವ ಸದ್ದು ಮಾತ್ರ. ಎತ್ತುವುದು, ಇಡುವುದು. ಓಣಿಯಲ್ಲಿ ಬಾಳೆಹಣ್ಣಿನ ಗಾಡಿಯವನು ಕೂಗಿದಾಗ ಸಾಬರು ಸುಮ್ಮನಿರುವಂತೆ ಅವನತ್ತ ಕೈ ತೋರಿದರು. ಎತ್ತುವುದು, ಇಡುವುದು. ಸದ್ದು ನಿಂತಿತು.

"ಸಿಕ್ಕಿತ್ರಿ! ಕಾಕಾರ, ಸಿಕ್ಕಿತ್ರಿ!"

ಗೌರಕ್ಕ ಗಟ್ಟಿಯಾಗಿ ಅತ್ತುಬಿಟ್ಟಳು. ಸೃಷ್ಟಿಯ ಕಣ್ಣೂ ತುಂಬಿತು. ಸಾಬರು ಮಾತ್ರ ಫೋನಿನತ್ತ ಬಾಗಿದರು. "ಅಳೂದನ್ನ ವಿಮಾನದಾಗ ಅಳ್ರಿ. ಕೈಯಾಗಿನ ಚೀಟಿ ನೋಡಕೋತ ಹೋಗಬ್ಯಾಡ್ರಿ, ಮ್ಯಾಲಿನ ಬೋರ್ಡ್ ನೋಡ್ರಿ. ಒಮ್ಮೊಮ್ಮೆ ಗೇಟ್ ಬದಲ ಮಾಡಿರತಾರ."

ಗೇಟು ಬದಲಾಗಿತ್ತು.

ಚಕ್ರ ಕೂಡಿಸಿ ಆಯಿತು. ಆದರೂ ಸೃಷ್ಟಿ ಏಳಲಿಲ್ಲ. ಒಂದು ತಾಸಿನ ಮೇಲೆ ಫೋನು ಮತ್ತೆ ಬಂತು. ಗೌರಕ್ಕ ಸೀಟಿನಲ್ಲಿ ಕುಳಿತಿದ್ದಳು. ಏದುಸಿರು ಇನ್ನೂ ಇಳಿದಿರಲಿಲ್ಲ.

"ಅಕ್ಕಾರ," ಎಂದರು ಫಕ್ರುಸಾಬರು, ಇಷ್ಟು ಹೊತ್ತು ಇರದಿದ್ದ ಸಂಕೋಚದಿಂದ. "ಕಿಟಕಿ ಬಾಜೂಕ ಕುಂತೀರೇನ್ರಿ? ಏನ್ ಕಾಣತೈತಿ, ಸ್ವಲ್ಪ ಹೇಳ್ರಲಾ."

"ಸುತ್ತಲೂ ಗುಡ್ಡ ಅದಾವ್ರಿ. ಹಸರ. ಮ್ಯಾಲ ಮೋಡ ಕುಂತಾವು. ಈಗ ಸರಿಯಾಕತ್ತೈತ್ರಿ... ಓಡಾಕತ್ತೈತಿ ಕಾಕಾರ, ಅಯ್ಯ ನಮ್ಮವ್ವಾ, ಏನ್ ಓಡತೈತ್ರಿ ಇದು!"

ಫೋನಿನ ತುಂಬ ಗುಡುಗಿನಂಥ ಸದ್ದು ತುಂಬಿಕೊಂಡಿತು. ಅದರ ನಡುವೆ ಗೌರಕ್ಕನ ದನಿ ಮುಳುಗಿತು, ಮತ್ತೆ ಒಂದು ಟಕ್ ಎಂಬ ಸದ್ದು, ಅಷ್ಟೆ. ಫಕ್ರುಸಾಬರು ಫೋನನ್ನು ಎರಡೂ ಕೈಯಿಂದ ಹಿಡಿದು ಕಿವಿಗೆ ಒತ್ತಿಕೊಂಡು ಹಾಗೆಯೇ ಕುಳಿತಿದ್ದರು.

"ಕಾಕಾ," ಎಂದಳು ಸೃಷ್ಟಿ ಮೆಲ್ಲಗೆ, "ಫೋನ್ ಕಟ್ ಆತ್ರಿ."

"ಗೊತ್ತೈತಿ, ಸುಮ್ಮನಿರು," ಎಂದರು ಅವರು. "ಏರಾಕತ್ತೈತಿ."