ಪಾರ್ಸೆಲ್ ಮೇಲಿನ ಹೆಸರು

ಏಳನೆಯ ಬಾರಿ ಸುಮೇಧಾ ಗೆಳತಿಯೊಡನೆ ಕಾಲೇಜಿನ ಗೇಟಿಗೆ ಓಡಿ ಬಂದಾಗ, ಅವಳ ರಸಾಯನಶಾಸ್ತ್ರದ ಪಠ್ಯಪುಸ್ತಕ ಕೊನೆಗೂ ಬಂದಿತ್ತು. ಪರೀಕ್ಷೆಗೆ ಉಳಿದಿದ್ದು ಎರಡೇ ದಿನ; ಇನ್ನೂ ಒಂದು ಪುಟವನ್ನೂ ಅವಳು ಓದಿರಲಿಲ್ಲ.

“ಐಡಿ ಕಾರ್ಡ್ ತೋರ್ಸಿ ಮೇಡಂ,” ಎಂದ ಕೊರಿಯರ್‌ನವನು.

“ಕಳೆದೋಗಿದೆ ಅಣ್ಣಾ. ನಾನೇ ಸುಮೇಧಾ, ದೇವರಾಣೆ!”

“ದೇವರಾಣೆ ಎಲ್ಲಾ ಸ್ಕ್ಯಾನ್ ಆಗಲ್ಲ ಮೇಡಂ. ಲೆಕ್ಚರರ್ ಯಾರಾದ್ರೂ ಗುರುತು ಹಿಡೀಲಿ. ಇಲ್ಲಾಂದ್ರೆ ಪಾರ್ಸೆಲ್ ವಾಪಸ್.”

ಅಷ್ಟರಲ್ಲಿ ಬಂದ ರಸಾಯನಶಾಸ್ತ್ರದ ಉಪನ್ಯಾಸಕರನ್ನೇ ಅವನು ತಡೆದು ಕೇಳಿದ. ಹೆಸರು ಕೇಳಿದೊಡನೆ ಅವರ ಮುಖ ಅರಳಿತು.

“ಸುಮೇಧಾನಾ? ವರ್ಷವಿಡೀ ಒಂದು ಕ್ಲಾಸೂ ತಪ್ಪಿಸಿಲ್ಲ!” ಕನ್ನಡಕ ಸರಿಪಡಿಸಿಕೊಂಡು ಅವಳನ್ನು ದಿಟ್ಟಿಸಿದರು. “ಆದ್ರೆ ಈ ಮುಖ ನೋಡಿದ ನೆನಪೇ ಇಲ್ವಲ್ಲ. ನೀನೇನಮ್ಮಾ ಅವಳು?”

ದಿನವೂ ಅವಳ ಹೆಸರಿಗೆ ‘ಎಸ್ ಸರ್’ ಎನ್ನುತ್ತಿದ್ದ ಗೆಳತಿ ಅವಳ ಕೈ ಹಿಂಡಿದಳು.

“ಅಲ್ಲ ಸರ್,” ಎಂದಳು ಸುಮೇಧಾ.