ಹಾಲನ್ ಕೊಟ್ಟ ಹತ್ತು ನಿಮಿಷ

ಎರಡನೆಯ ಚರಣದ ನಡುವೆಯೇ ಸಿಂಧುಜಾಳ ಕೀಬೋರ್ಡು ಗಂಟಲು ಕಟ್ಟಿದ ಹುಂಜದ ಹಾಗೆ ಕಿರ್ರೆಂದು ಕೂಗಿ ಸತ್ತಿತು. ಅದರ ಬೆನ್ನಿಗೇ, ಹಾಡುತ್ತಿದ್ದ ಜೋಗಿಯ ಮೈಕು. ಮೈದಾನದ ಆಚೆ ಟೀ ಫ್ಯಾಕ್ಟರಿಯಲ್ಲಿ ಉಳಿದ ಮಿಷನ್ನುಗಳ ಜೊತೆಗೆ ಎಲೆ ಹೊಸೆಯುವ ರೋಲರುಗಳೂ ಶುರುವಾಗಿದ್ದವು. ಅವು ತಿರುಗಿದವೆಂದರೆ ಕೆತ್ತಿ ಕಣಿವೆಯ ಕರೆಂಟೆಲ್ಲ ಅವುಗಳ ಹೊಟ್ಟೆಗೇ. ಹಟ್ಟಿಯ ಬಲ್ಬುಗಳನ್ನು ಕಂಡು ಮಿಣುಕುಹುಳುಗಳು ನಗುತ್ತಿದ್ದವು.

ವಾಲಿಬಾಲ್ ಪಂದ್ಯದ ಬಹುಮಾನ ಸಭೆಗೆ ಕೂತವರು ಹನ್ನೊಂದು ಜನ. ಅವರಲ್ಲಿ ನಾಲ್ವರು ಕುರ್ಚಿ ಬಾಡಿಗೆಗೆ ಕೊಟ್ಟವರು, ಕುರ್ಚಿ ಬಿಟ್ಟು ಹೋಗುವಂತಿರಲಿಲ್ಲ.

"ತಮ್ಮ, ಈಗಲಾದ್ರೂ ಒಂದು ಸಿನಿಮಾ ಪಾಟು ಹಾಡು," ಎಂದ ಒಬ್ಬ.

"ಕರೆಂಟೇ ಇಲ್ಲವಲ್ಲಣ್ಣ."

"ಸಿನಿಮಾ ಪಾಟಿಗೆ ಕರೆಂಟು ಯಾಕೆ? ನಮಗೇ ಬರುತ್ತೆ, ನಾವೇ ಹಾಡ್ಕೋತೀವಿ. ನೀನು ಸುಮ್ಮನೆ ನಿಂತಿರು."

ಜೋಗಿಯೇ ಕಟ್ಟಿದ ಹಾಡು ಅದು, ಬಾರದ ಬಸ್ಸಿನ ಹಾಡು. ಮೂರೇ ಚರಣ. ಮೂರು ವರ್ಷದಲ್ಲಿ ಇಪ್ಪತ್ತೇಳು ವೇದಿಕೆ ಹತ್ತಿದ್ದರೂ ಒಮ್ಮೆಯೂ ಮೂರನೆಯ ಚರಣ ಮುಟ್ಟಿರಲಿಲ್ಲ. ಕೂನೂರಿನಲ್ಲಿ ಮದುಮಗನ ಮಾವ ಮೈಕು ಕಿತ್ತುಕೊಂಡು ಎಲ್ಲರನ್ನೂ ಊಟಕ್ಕೆ ಕರೆದ. ಗೂಡಲೂರಿನಲ್ಲಿ ಕೋತಿಯೊಂದು ವೈರು ಕಿತ್ತು ಸೊಂಟಕ್ಕೆ ಸುತ್ತಿಕೊಂಡು ಹೋಯಿತು. ಮೋಯಾರಿನಲ್ಲಿ ಮಳೆ ಬಂತು, ಅದೂ ವೇದಿಕೆಯ ಮೇಲೆ ಮಾತ್ರ. ಈಗ ಡ್ರಮ್ಮಿನ ಚಂದ್ರನ್ ಸೋಮವಾರ ತಿರುಪ್ಪೂರಿನ ಬನಿಯನ್ ಕಂಪನಿಗೆ ಹೊರಟಿದ್ದ. ಅವನು ಹೋದರೆ ಬ್ಯಾಂಡೂ ಹೋಯಿತು. ಅಂದು ಭಾನುವಾರ.

ಗಿಟಾರು ಹೆಗಲಿಗೇರಿಸಿಕೊಂಡೇ ಜೋಗಿ ಫ್ಯಾಕ್ಟರಿಗೆ ಓಡಿದ. ಮುನ್ನೂರು ಹೆಜ್ಜೆಯ ದಾರಿಯನ್ನು ಒಂಬತ್ತೇ ಹೆಜ್ಜೆಯಲ್ಲಿ. ಒಳಗೆ ಟೀ ಮೇಕರ್ ಹಾಲನ್ ನಿಂತಿದ್ದ. ಮೂವತ್ತೊಂದು ವರ್ಷ ಆ ಸದ್ದಿನಲ್ಲೇ ದುಡಿದು, ಹೆಂಡತಿಯ ಜೊತೆಗೂ ಕೈಸನ್ನೆಯಲ್ಲೇ ಜಗಳವಾಡುವ ಮನುಷ್ಯ.

"ಮಾಮ, ಹತ್ತು ನಿಮಿಷ ಮಿಷನ್ ನಿಲ್ಲಿಸು," ಎಂದು ಜೋಗಿ ಅವನ ಕಿವಿಗೇ ಬಾಯಿಟ್ಟು ಕೂಗಿದ.

"ಎಲೆ ಸುರಿಯೋ ಮೇ ತಿಂಗಳಲ್ಲಿ? ಇದು ನಿಲ್ಲೋದು ಹಟ್ಟೀಲಿ ಸಾವಾದಾಗ ಮಾತ್ರ. ಯಾರು ಸತ್ತದ್ದು?"

"ಇನ್ನೂ ಯಾರೂ ಇಲ್ಲ. ಇವತ್ತೂ ಹಾಡು ಮುಗೀದಿದ್ರೆ ನಾನೇ."

"ಸಿನಿಮಾ ಪಾಟಾ?"

"ಅಲ್ಲ ಮಾಮ, ನಾನೇ ಕಟ್ಟಿದ್ದು."

ಹಾಲನ್ ಬಗ್ಗಿ, ನೆಲದ ಮೇಲೆ ಹರಡಿ ಕೆಂಪಾಗುತ್ತಿದ್ದ ಎಲೆಯಲ್ಲಿ ಒಂದು ಚಿಟಿಕೆ ತೆಗೆದು ಮೂಸಿದ. "ಸಿನಿಮಾ ಪಾಟಾಗಿದ್ರೆ ನಿಲ್ಲಿಸ್ತಿರಲಿಲ್ಲ. ಅದು ನಾಳೆ ರೇಡಿಯೋದಲ್ಲೂ ಸಿಗುತ್ತೆ. ಈ ಎಲೆ ಹದಕ್ಕೆ ಬರೋಕೆ ಇನ್ನೂ ಹತ್ತು ನಿಮಿಷ ಇದೆ. ಅಷ್ಟರಲ್ಲಿ ಮಿಷನ್ ಮತ್ತೆ ಹಾಕಿ ಇದನ್ನ ಡ್ರೈಯರಿಗೆ ಕಳಿಸಬೇಕು. ಮೀರಿತೋ, ಈ ಟೀಯನ್ನ ಎಮ್ಮೆಯೂ ಕುಡಿಯಲ್ಲ. ಓಡು."

ಬಾಗಿಲ ಪಕ್ಕದ ಮಿಷನ್ ಹಿಡಿಕೆ ಕೆಳಗೆ ಬಿತ್ತು. ಆಗ ಬಂದಂಥ ಮೌನವನ್ನು ಸಾವಿನ ದಿನ ಬಿಟ್ಟರೆ ಕಣಿವೆ ಎಂದೂ ಕಂಡಿರಲಿಲ್ಲ. ಕೆಳಗಡೆ ಒಂದು ತೊರೆ ಇದೆಯೆಂದು ಹಟ್ಟಿಯವರಿಗೆ ಆಗಲೇ ನೆನಪಾದದ್ದು. ತೊಟ್ಟಿಲ ಕೂಸುಗಳು ಎದ್ದು ಕೂತವು, ನಾಯಿಗಳು ಬೊಗಳುವುದನ್ನು ಅರ್ಧಕ್ಕೇ ನಿಲ್ಲಿಸಿದವು. ಬಲ್ಬುಗಳು ಝಗ್ಗೆಂದವು. ಜೋಗಿ ವೇದಿಕೆಗೆ ಓಡಿಬಂದು ಹಾಡನ್ನು ಮೊದಲಿನಿಂದ ಎತ್ತಿಕೊಂಡ.

ಮೊದಲ ಚರಣ ಮುಗಿಯುವಾಗ ದಾರಿಯ ತಿರುವಿನಲ್ಲಿ ಬಿಳಿಯದೇನೋ ಕಾಣಿಸಿತು. ಮಂಜಿರಬೇಕೆಂದುಕೊಂಡ. ಮಂಜಲ್ಲ, ಬಿಳಿ ಮುಂಡು ಹೊದ್ದ ಹೆಂಗಸರು. ಅವರ ಹಿಂದೆ ಗಂಡಸರು. ಮೇಲಿನ ಹಟ್ಟಿ, ಕೆಳಗಿನ ಹಟ್ಟಿ, ಆಚೆ ದಿಬ್ಬದ ಹಟ್ಟಿ, ಎಲ್ಲವೂ ಖಾಲಿಯಾಗಿ ಬರುತ್ತಿದ್ದವು. ಒಬ್ಬಳ ಬೆನ್ನಿನಲ್ಲಿ ಇನ್ನೂ ಎಲೆಚೀಲ. ಒಬ್ಬನ ಅರ್ಧ ಮುಖಕ್ಕೆ ಸೋಪಿನ ನೊರೆ. ಎಂಟುನೂರು ಜನ ಎನ್ನೋಣ. ಎರಡು ಸಾವಿರ ಎಂದು ಚಂದ್ರನ್ ತಿರುಪ್ಪೂರಿನಲ್ಲಿ ಈಗಲೂ ಆಣೆಯಿಟ್ಟು ಹೇಳುತ್ತಾನೆ. ಬಂದವರು ಮೈದಾನದ ಸುತ್ತ ನಿಂತರು. ಗಂಡಸರು ತಲೆಯ ಮುಂಡಾಸು ಬಿಚ್ಚಿ ಕೈಯಲ್ಲಿ ಹಿಡಿದರು. ಒಬ್ಬರೂ ಕೆಮ್ಮಲಿಲ್ಲ. ಒಬ್ಬರೂ ಸಿನಿಮಾ ಪಾಟು ಕೇಳಲಿಲ್ಲ.

ಜೋಗಿಗೆ ತನ್ನ ದನಿ ತನ್ನದೇ ಅನ್ನಿಸಲಿಲ್ಲ. ಬೆಟ್ಟದ ಒಳಗಿಂದ ಯಾರೋ ಹಾಡುತ್ತಿದ್ದಂತಿತ್ತು. ಹಾಗೇ ಮೂರನೆಯ ಚರಣಕ್ಕೆ ಕಾಲಿಟ್ಟ:

*ಎಲ್ಲರೂ ನಡೆದು ಮನೆ ಸೇರಿದ ಮೇಲೆ*
*ಬಂತಲ್ಲ ಬಸ್ಸು, ಖಾಲಿ, ದೀಪ ಹಚ್ಚಿಕೊಂಡು.*

ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಾಡು ಮುಗಿಯಿತು. ಚಪ್ಪಾಳೆಯಿಲ್ಲ. ಅಷ್ಟು ಜನರ ಉಸಿರು ಮಾತ್ರ ಒಟ್ಟಾಗಿ ಕೇಳುತ್ತಿತ್ತು. ತಾನು ಮಾಡಿದ್ದು ಪುಣ್ಯವೋ ಪಾಪವೋ ತಿಳಿಯದೆ ಜೋಗಿ ಗಿಟಾರು ತಬ್ಬಿಕೊಂಡು ನಿಂತ.

ಹಟ್ಟಿಗೇ ಹಿರಿಯಳಾದ ಚಿನ್ನಮ್ಮಾಳ್ ಕೋಲೂರಿಕೊಂಡು ಮುಂದೆ ಬಂದಳು. "ಯಾರು ಕೂಸೇ? ಫ್ಯಾಕ್ಟರಿ ನಿಂತುಹೋಯ್ತು. ಯಾರು ಹೋದದ್ದು?"

ಫ್ಯಾಕ್ಟರಿಯ ಬಾಗಿಲಿನಿಂದ ಹಾಲನ್ ಕೂಗಿದ: "ಯಾರೂ ಹೋಗಿಲ್ಲ ಅಜ್ಜಿ. ಇವರ ಪಾಟಿಗೋಸ್ಕರ ನಿಲ್ಲಿಸಿದ್ದು."

ಮುದುಕಿ ಫ್ಯಾಕ್ಟರಿಯನ್ನು ನೋಡಿದಳು, ಜೋಗಿಯನ್ನು ನೋಡಿದಳು. ಆಮೇಲೆ ಕೋಲನ್ನು ಪಕ್ಕಕ್ಕಿಟ್ಟು, ಮುಂಡು ಸರಿಮಾಡಿಕೊಂಡು, ಹುಲ್ಲಿನ ಮೇಲೆ ಕೂತಳು. ಅವಳ ಹಿಂದೆ ಮೂರು ಹಟ್ಟಿಯೂ ಕೂತಿತು.

"ಯಾರೂ ಸತ್ತಿಲ್ಲವಾ? ಹಂಗಾದ್ರೆ ಮೊದಲಿಂದ ಹಾಡು. ಅಳೋ ಗಡಿಬಿಡೀಲಿ ನಾನು ಸರಿಯಾಗಿ ಕೇಳಲಿಲ್ಲ."

ಹತ್ತು ನಿಮಿಷ ಆಗಿಹೋಗಿತ್ತು. ಜೋಗಿ ಫ್ಯಾಕ್ಟರಿಯ ಕಡೆ ನೋಡಿದ. ಹಾಲನ್ ಒಂದು ಕೈ ಹಿಡಿಕೆಯ ಮೇಲಿಟ್ಟು, ಇನ್ನೊಂದು ಕೈಯ ಎಲೆಯನ್ನು ಮೂಗಿನ ಹತ್ತಿರ ತಂದ. ಉದ್ದಕ್ಕೆ ಮೂಸಿದ. ಆ ಎಲೆಯನ್ನು ನಿಧಾನವಾಗಿ ಹುಲ್ಲಿಗೆ ಉದುರಿಸಿ, ಹಿಡಿಕೆಯ ಮೇಲಿನ ಕೈಯನ್ನು ಜೇಬಿಗೆ ಹಾಕಿಕೊಂಡ.