ಕೊಂಡಿಯಿಲ್ಲದ ಸೆರಗು

ಪವರ್‌ಲೂಮಿನಿಂದ ಇಳಿದ ಮುನ್ನೂರು ಸೀರೆಗಳಿಗೆ ಕೈಮಗ್ಗದ ಚೀಟಿ ಹಚ್ಚಿ, ನೇಯ್ದವರ ಹೆಸರಿನ ಜಾಗದಲ್ಲಿ ದುರ್ಗವ್ವ ಎಂದು ಬರೆದು ಮಾರಲಾಯಿತು. ದುರ್ಗವ್ವನನ್ನು ಯಾರೂ ಕೇಳಲಿಲ್ಲ.

ಅವಳಿಗೆ ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ. ಸೀರೆ ಕೊಂಡ ಶಹರದ ಅಂಗಡಿಯವರು, ನೇಯ್ದವಳ ಚಿತ್ರ ತೆಗೆದುಕೊಂಡು ಬಾ ಎಂದು ಸುಶ್ಮಿತಾ ಎಂಬ ಹುಡುಗಿಯನ್ನು ಕ್ಯಾಮೆರಾ ಕೊಟ್ಟು ಇಳಕಲ್ಲಿಗೆ ಕಳಿಸಿದ್ದರು. ಹುಡುಗಿ ಹೊರಗೆ ಓಣಿಯಲ್ಲಿ ಬೆಳಕು ನೋಡುತ್ತಿದ್ದಳು. ಒಳಗೆ ಮಗ್ಗದ ಮಾಲೀಕ ಕಳಕಪ್ಪ ಆ ಮುನ್ನೂರರಲ್ಲಿ ಒಂದು ಸೀರೆಯನ್ನು ತಂದು ನೆಲದ ತಗ್ಗಿಗೆ ಕಾಲು ಇಳಿಬಿಟ್ಟು ನೇಯುವ ದುರ್ಗವ್ವನ ಕುಣಿಮಗ್ಗದ ಮೇಲೆ ಹಾಸಿ, ಅರ್ಧ ನೇಯ್ದಂತೆ ಕಾಣಲೆಂದು ತುದಿ ಮಡಚುತ್ತಿದ್ದ. ಅವನ ಪಕ್ಕ ಊರಿನ ಕ್ರೈಸ್ತ ಸಭೆಯ ಪಾಲಕರು ನಿಂತಿದ್ದರು. ಪ್ರಾರ್ಥನೆಗೆ ಬಂದವರ ಹಾಗೆ ಚಪ್ಪಲಿಯನ್ನು ಹೊಸ್ತಿಲಾಚೆಯೇ ಬಿಟ್ಟಿದ್ದರು.

ದುರ್ಗವ್ವ ಸೀರೆಯನ್ನು ಹೊರಳಿಸಿ, ಮೈ ಮುಗಿದು ಸೆರಗು ಶುರುವಾಗುವಲ್ಲಿ ಹೆಬ್ಬೆರಳು ಎಳೆದಳು. ಇಳಕಲ್ಲಿನ ಕೈಮಗ್ಗದ ಸೀರೆಗೆ ಅಲ್ಲೊಂದು ಗುರುತಿರುತ್ತದೆ. ಮೈಯ ಹತ್ತಿಯ ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಸಾಲು ಅದು. ಕಣ್ಣಿಗಿಂತ ಮೊದಲು ಬೆರಳಿಗೆ ಹತ್ತುತ್ತದೆ. ಇಲ್ಲಿ ಬೆರಳು ಗಾಜಿನ ಮೇಲಿಟ್ಟಂತೆ ಜಾರಿತು.

“ಇದರಾಗ ಕೊಂಡಿನ ಇಲ್ಲ. ಇದು ನಂದಲ್ರಿ.”

“ಕೊಂಡಿ ನೋಡಾವ್ರು ಯಾರದಾರ ಅಲ್ಲಿ?” ಕಳಕಪ್ಪ ನಕ್ಕ. “ನಂದ ಅಂತನ್ನು. ಅನ್ನಾಕ ನಾಲಿಗಿ ಸವೀತೈತೇನು?”

ಕಳಕಪ್ಪನನ್ನು ಕೆಟ್ಟವನೆಂದು ಸಭೆಯಲ್ಲಿ ಯಾರೂ ಅನ್ನುವುದಿಲ್ಲ. ಸಭೆಯ ಹಿರಿಯ ಅವನು. ರವಿವಾರ ಮುಂದಿನ ಬೆಂಚು ಅವನದೇ. ಕಣ್ಣು ಮುಚ್ಚಿ ಅತ್ತನೆಂದರೆ ಅಂಗಿಯ ಕಾಲರು ತೋಯುತ್ತದೆ. ಪ್ರಾರ್ಥನಾಲಯದ ಸೋರುವ ತಗಡು ಕಿತ್ತು ಸ್ಲ್ಯಾಬ್ ಹಾಕಿಸಿಕೊಡುತ್ತೇನೆಂದು ಪಾಲಕರಿಗೆ ಮಾತು ಕೊಟ್ಟಿದ್ದ. ಈಗ ದುರ್ಗವ್ವನಿಗೂ ಕೊಟ್ಟ. ಇವತ್ತೊಂದು ತಾಸು ಕುಣಿಗೆ ಇಳಿದು ಕೂತರೆ ನಾಳೆಯಿಂದ ಕುಣಿಯೇ ಬೇಡ. ಅವನ ಹೊಸ ಅಂಗಡಿಯಲ್ಲಿ ಕುರ್ಚಿ, ತಲೆಯ ಮೇಲೆ ಫ್ಯಾನು, ಗಿರಾಕಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ, ಹಿಂದೆ ಇರಲಿಕ್ಕೆ ಎರಡು ಕೋಣೆ, ಒಳಗೇ ನಲ್ಲಿ.

ಅವಳಿಗೆ ಆಸೆಯಾಗಲಿಲ್ಲ ಅಂದರೆ ಸುಳ್ಳಾದೀತು. ಇಪ್ಪತ್ತಾರು ವರ್ಷ ಕುಣಿಯ ಥಂಡಿಗೆ ಇಳಿಬಿಟ್ಟ ಮೊಣಕಾಲುಗಳು ಕುರ್ಚಿ ಎಂಬ ಮಾತಿಗೇ ಸಡಿಲಾದವು. ಆದರೆ ಅವಳು ಒಮ್ಮೆ ಪೆಟ್ಟು ತಿಂದವಳು. ಹಿಂದೆ ತಂಗಿಯ ಮಗಳ ಕುಪ್ಪಸಕ್ಕೆಂದು ಮಾಲೀಕನ ಒಂದು ಲಡಿ ರೇಷ್ಮೆ ನೂಲು ಮುಚ್ಚಿಟ್ಟಿದ್ದಳು. ಯಾರಿಗೂ ತಿಳಿಯಲಿಲ್ಲ. ಮಗ್ಗಕ್ಕೆ ಕೂತೊಡನೆ ಯಾರೂ ಕರೆಯದೆ ಎದೆ ತುಂಬಿ ಹಾಡಾಗಿ ಬರುತ್ತಿದ್ದ ಸಂತೋಷವೊಂದಿತ್ತಲ್ಲ, ದೀಕ್ಷಾಸ್ನಾನದ ದಿನ ಮಲಪ್ರಭೆಯ ನೀರಿನಿಂದ ಮೇಲೆದ್ದಾಗ ಸಿಕ್ಕದ್ದು, ಗಂಡ ಸತ್ತಾಗಲೂ ಒಲೆ ಹೊತ್ತದ ದಿನವೂ ಅವಳನ್ನು ಬಿಟ್ಟು ಹೋಗದಿದ್ದದ್ದು, ಅದು ಹತ್ತೊಂಬತ್ತು ದಿನ ಬರಲಿಲ್ಲ. ಲಾಳಿ ಬಡಿಯುವ ಸದ್ದಷ್ಟೇ ಇತ್ತು. ಇಪ್ಪತ್ತನೆಯ ದಿನ ಲಡಿಯನ್ನು ಒಯ್ದು ಕಳಕಪ್ಪನ ಕೈಯಲ್ಲೇ ಇಟ್ಟು, ಓಣಿಯವರೆಲ್ಲ ಕೇಳುವಂತೆ ಬೈಸಿಕೊಂಡಳು. ತಿರುಗಿ ಬರುವ ಹಾದಿಯಲ್ಲೇ ಹಾಡು ಬಂತು. ಆ ಹತ್ತೊಂಬತ್ತು ದಿನದಂಥ ಬಡತನವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಅಯ್ಯನೋರ, ನೀವ ಹೇಳ್ರಿ,” ಎಂದು ಪಾಲಕರತ್ತ ತಿರುಗಿದಳು. “ಇದನ್ನ ನಾ ನೇಯ್ದೇನೇನು?”

ಪಾಲಕರು ಸೀರೆಯನ್ನು ನೋಡಲಿಲ್ಲ. ಮಳೆ ಬಂದರೆ ರೊಟ್ಟಿ ದ್ರಾಕ್ಷಾರಸ ಇಡುವ ಮೇಜಿನ ಮೇಲೇ ಹನಿ ಬೀಳುವುದನ್ನು ಹೇಳಿದರು, ಮುದುಕಿಯರು ಕೊಡೆ ಹಿಡಿದು ಹಾಡುವುದನ್ನು ಹೇಳಿದರು, ಒಬ್ಬಳ ಸಣ್ಣ ಹಟದಿಂದ ಇಡೀ ಸಭೆ ತೋಯಬಾರದು ಎಂದರು. ಕೊನೆಗೆ ದನಿ ತಗ್ಗಿಸಿ, “ದೇವರು ಬಾಗಲಾ ತೆರದಾನ, ದುರ್ಗವ್ವ. ನೀ ಅಡ್ಡ ನಿಂದರಬ್ಯಾಡ,” ಅಂದರು.

ಅಷ್ಟರಲ್ಲಿ ಸುಶ್ಮಿತಾ ಕ್ಯಾಮೆರಾ ಹಿಡಿದು ಒಳಗೆ ಬಂದಳು. ಕಳಕಪ್ಪನ ದನಿಗೆ ಬೆಲ್ಲ ಹತ್ತಿತು. ಶಹರದ ಅಂಗಡಿಯವರಿಗೆ ಏನು ಬೇಕೆಂದು ಅವನೇ ತಿಳಿಸಿ ಹೇಳಿದ: ಬರೀ ಕೂತರೆ ಆಗದು, ನೇಯುವವಳು ನಗುತ್ತಿರಬೇಕು. “ದಿನಾ ಮಗ್ಗದಾಗ ಹಾಡ್ತೀಯಲ್ಲ, ಅದನ್ನ ಹಾಡು. ಆನಂದ ಮಾರಿ ಮ್ಯಾಲ ಕಾಣಬೇಕು. ಗಿರಾಕಿಗೋಳು ಅದನ್ನ ಬೇಡ್ತಾರ.”

ದುರ್ಗವ್ವನ ಕಿವಿ ಬಿಸಿಯಾದವು. ಹೆಸರು ಒಯ್ದಿದ್ದ, ಕೈಯ ಕಸಬು ಒಯ್ದಿದ್ದ. ಚೀಟಿ ಹಚ್ಚಿ ಮಾರಲು ಇನ್ನು ಇದೊಂದು ಉಳಿದಿತ್ತು. ಅವಳು ಸೀರೆಯನ್ನು ಮಗ್ಗದ ಮೇಲಿಂದ ಸರಕ್ಕನೆ ಎಳೆದು, ಕಳಕಪ್ಪನ ಹೆಗಲ ಮೇಲೆ ಎಸೆದಳು.

ಹುಡುಗಿಯ ಮುಂದೆ ಮಾನ ಹೋದಂತಾಗಿ ಕಳಕಪ್ಪ ಹಲ್ಲು ಕಚ್ಚಿದ. “ಇಳೀತೀಯೋ ಇಲ್ಲೋ? ಮಗ್ಗಾ ನಂದು. ಸಂಜಿ ಅನ್ನೂದರಾಗ ಕೀಳಸ್ತೇನಿ.”

ಪಾಲಕರು ಕುಣಿಯ ಕಡೆ ಕೈ ತೋರಿಸಿ, ಇಳಿಯವ್ವ ಎಂಬಂತೆ ತಲೆ ಆಡಿಸಿದರು.

“ಲೋಕದ ಸುಖಾ ಬಿಡ್ರಿ, ಲೋಕದ ಸುಖಾ ಬಿಡ್ರಿ ಅಂತ ವಾರಾ ವಾರಾ ಹೇಳ್ತೀರಿ, ಅಯ್ಯನೋರ,” ಅಂದಳು ದುರ್ಗವ್ವ. “ನನ್ನ ಕಡೆ ಬಿಡಾಕ ಏನಿತ್ರಿ? ಇವತ್ತ ಇವರು ಕುರ್ಚಿ ತಂದಾರ, ಫ್ಯಾನ ತಂದಾರ. ಬಿಡಾಕ ನಂಗೂ ಒಂದು ಸಿಕ್ಕೈತಿ. ಮಗ್ಗಾ ಕೀಳ್ರಿ. ನಾ ಇಳಿಯಂಗಿಲ್ಲ.”